ಸತ್ತಿತ್ತೆ, ಹಸಿದಿತ್ತೆ?

ಒಂದೇ ಮನೆಯಲ್ಲಿ ಒಂದೇ ರಾತ್ರಿ ಇಬ್ಬರಿಗೆ ವಾಂತಿಭೇದಿಯಾಯಿತೆಂದರೆ, ಅನುಭವಸ್ಥರಾದ ವೈದ್ಯರು ಹೊಟ್ಟೆಯನ್ನು ಒತ್ತಿ ನೋಡುವುದಕ್ಕೆ ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: ‘ರಾತ್ರಿ ಊಟಕ್ಕೆ ಏನಿತ್ತು?’ ಇಬ್ಬರಿಗೂ ಬೇರೆ ಬೇರೆ ರೋಗ ಒಂದೇ ಗಳಿಗೆಯಲ್ಲಿ ತಗಲುವುದು ಅಪರೂಪ. ಇಬ್ಬರೂ ಉಂಡ ಅನ್ನದಲ್ಲಿ ದೋಷವಿರುವುದೇ ಸಾಮಾನ್ಯ. ಇದು ಬಹಳ ಸಣ್ಣ ವಿವೇಕ. ಆದರೆ ಯಂತ್ರಗಳ ಮುಂದೆ ನಿಂತಾಗ ನಾವು ಮೊದಲು ಮರೆಯುವುದು ಇಂಥ ಸಣ್ಣ ವಿವೇಕವನ್ನೇ. ಹಳೆಯ ಕಂಪ್ಯೂಟರೊಂದರ ನಿಮಿತ್ತವಾಗಿ ನಾನು ಅದನ್ನು ಮತ್ತೆ ಕಲಿಯಬೇಕಾಗಿ ಬಂದ ಪ್ರಸಂಗವನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ. ತಮ್ಮಲ್ಲಿ ಅನೇಕರ ಮನೆಯ ಮೂಲೆಯಲ್ಲಿ ಅಂಥದೊಂದು ಯಂತ್ರ ಬಟ್ಟೆ ಹೊದ್ದು ಕುಳಿತಿರಬಹುದು. ಅದರೊಳಗೆ ಯಾರದೋ ಬರಹವೂ ಇರಬಹುದು.

ನನ್ನ ಅಣ್ಣ ಸಾಗರ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಬಾಳಿದವರು. ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಸುತ್ತಲಿನ ಊರುಗಳ ಮಾತನ್ನು ಕೂಡಿಡುವ ಹುಚ್ಚು ಹತ್ತಿತು. ಕೊನೆಗಾರ, ಕೊಟ್ಟೆ, ದಬ್ಬೆ, ಸೊಪ್ಪಿನಬೆಟ್ಟ ಇಂಥ ಪದಗಳನ್ನು, ಯಾರ ಬಾಯಿಂದ, ಯಾವ ಸಂದರ್ಭದಲ್ಲಿ, ಯಾವ ಅರ್ಥದಲ್ಲಿ ಕೇಳಿದ್ದು ಎಂಬ ವಿವರದೊಡನೆ ಅವರು ಬರೆದುಕೊಳ್ಳುತ್ತಿದ್ದರು. 2010ರಲ್ಲಿ ಒಂದು ಕಂಪ್ಯೂಟರು ಕೊಂಡರು. ‘ನುಡಿ’ ತಂತ್ರಾಂಶವನ್ನು ಕಲಿತು, ಒಂಬತ್ತು ವರ್ಷಗಳ ಕಾಲ ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಒಂದು ಗಂಟೆ ಬೆರಳಚ್ಚಿಸಿದರು. ಅಕ್ಷರಕ್ಕೊಂದು ಕಡತ, ಕಡತಗಳೆಲ್ಲವೂ ಯಂತ್ರದ ಎರಡನೆಯ ಡಿಸ್ಕಿನಲ್ಲಿ. 2019ರಲ್ಲಿ ಅಣ್ಣ ತೀರಿಕೊಂಡರು. ಕಂಪ್ಯೂಟರಿನ ಮೇಲೆ ಅತ್ತಿಗೆ ಒಂದು ಪಂಚೆ ಹೊದಿಸಿದರು. ಗೋಡೆಯ ಗುಂಡಿಯನ್ನು ಆರಿಸಬೇಕೆಂದು ಮಾತ್ರ ಯಾರಿಗೂ ತೋಚಲಿಲ್ಲ. ಈ ಸಂಗತಿಯನ್ನು ತಾವು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

2022ರ ಮಳೆಗಾಲದ ಆರಂಭ. ಮೂರನೆಯ ವರ್ಷದ ತಿಥಿಗೆ ಬಂದವರಿಗೆ ‘ಮ’ ಅಕ್ಷರದ ಪದಗಳನ್ನಾದರೂ ಅಚ್ಚು ಮಾಡಿಸಿ ಕೊಡಬೇಕೆಂದು ಅತ್ತಿಗೆಗೆ ಆಸೆಯಾಯಿತು. ಮಳೆ, ಮಣ್ಣು, ಮನೆ, ಮದುವೆ ಎಲ್ಲವೂ ಆ ಅಕ್ಷರದಲ್ಲೇ ಅಲ್ಲವೆ? ಬೆಂಗಳೂರಿನಿಂದ ಬಂದ ಅಣ್ಣನ ಮಗ ಯಂತ್ರವನ್ನು ಹಚ್ಚಿದ. ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬಂತು. ಯಂತ್ರ ತಾನಾಗಿ ನಿಂತು ಮತ್ತೆ ಹೊರಟಿತು. ನಾಲ್ಕನೆಯ ಪ್ರಯತ್ನದಲ್ಲಿ ‘ಮ’ ಕಡತ ತೆರೆಯಿತು. ಅವನು ಒಂದೆರಡು ತಪ್ಪು ತಿದ್ದಿ ಉಳಿಸುತ್ತಿದ್ದಾಗ ಹೊರಗೆ ಗುಡುಗು, ಒಳಗೆ ‘ಟಪ್’ ಎಂಬ ಸದ್ದು, ಆಮೇಲೆ ಸುಟ್ಟ ವಾಸನೆ. ಪೇಟೆಯ ರಿಪೇರಿ ಅಂಗಡಿಯವರು ಹತ್ತು ದಿನ ಇಟ್ಟುಕೊಂಡು, ವಿದ್ಯುತ್ ಒದಗಿಸುವ ಪೆಟ್ಟಿಗೆಯನ್ನು ಬದಲಿಸಿ, ಕೊನೆಗೆ ಹೇಳಿದ್ದಿಷ್ಟು: ‘ಎರಡು ಡಿಸ್ಕೂ ಹೋಗಿವೆ ಅಮ್ಮ. ಒಂದನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಕೊಡಬಹುದು. ಇನ್ನೊಂದು ಶಾರ್ಟ್ ಆಗಿದೆ, ಎಸೆಯುವುದೇ.’

ಆ ರಾತ್ರಿ ಅತ್ತಿಗೆ ಫೋನು ಮಾಡಿದರು. ‘ಅವರು ಬರೆದಿಟ್ಟಿದ್ದೆಲ್ಲ ಹೋಯ್ತಂತೆ ಮಾರಾಯ. ನಾನೇ ಸುಮ್ಮನೆ ಆ ಯಂತ್ರ ಹಚ್ಚಿಸಿದೆ’ ಎಂದರು. ಅವರ ದನಿಯಲ್ಲಿ ಅಳುವಿರಲಿಲ್ಲ. ಅದೇ ನನಗೆ ಹೆಚ್ಚು ನೋವು ತಂದಿತು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವನೇ ಹೊರತು ಕಂಪ್ಯೂಟರ್ ರಿಪೇರಿಯವನಲ್ಲ. ಆದರೆ ಎರಡು ಡಿಸ್ಕುಗಳು ಒಂದೇ ಸಂಜೆ ಸತ್ತವೆಂಬ ಮಾತನ್ನು ನನ್ನ ಮನಸ್ಸು ಒಪ್ಪಲಿಲ್ಲ. ‘ಅತ್ತಿಗೆ, ಯಾವುದನ್ನೂ ಫಾರ್ಮ್ಯಾಟ್ ಮಾಡಿಸಬೇಡಿ, ಯಾವುದನ್ನೂ ಎಸೆಯಬೇಡಿ. ಮನೆಗೆ ತಂದಿಡಿ. ನಾನು ಬರುತ್ತೇನೆ’ ಎಂದೆ.

ಕಥೆಯನ್ನು ಅಲ್ಲಿಗೆ ನಿಲ್ಲಿಸಿ, ಡಿಸ್ಕು ಎಂಬುದು ಏನು, ಅದರ ಆಹಾರವೇನು ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಹಾರ್ಡ್‌ಡಿಸ್ಕಿನ ಮುಚ್ಚಿದ ಕವಚದೊಳಗೆ ಕನ್ನಡಿಯಂತೆ ನುಣುಪಾದ ಬಿಲ್ಲೆಗಳಿರುತ್ತವೆ. ಅವುಗಳ ಮೇಲೆ ಕಾಂತೀಯವಾದ ತೆಳುಲೇಪ. ಮೇಜಿನ ಕಂಪ್ಯೂಟರುಗಳಲ್ಲಿ ಈ ಬಿಲ್ಲೆಗಳು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತವೆ. ಒಂದು ಪುಟ್ಟ ತೋಳಿನ ತುದಿಯಲ್ಲಿರುವ ಓದು-ಬರಹದ ತಲೆ ಬಿಲ್ಲೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರುಗಳ ಗಾಳಿಯ ಪದರದ ಮೇಲೆ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರು ಎಂದರೆ ಆ ಅಂತರ ಎಂಥದೆಂದು ಊಹಿಸಬಹುದು. ವಿದ್ಯುತ್ತು ಫಕ್ಕನೆ ಹೋದರೆ ತಲೆ ಬಿಲ್ಲೆಯ ಮೇಲೆ ಕುಸಿಯಬಾರದು. ಅದಕ್ಕಾಗಿ, ಇನ್ನೂ ತಿರುಗುತ್ತಿರುವ ಬಿಲ್ಲೆಗಳ ವೇಗದಿಂದಲೇ ಮೋಟರು ಒಂದು ಕ್ಷಣ ಜನರೇಟರಿನಂತೆ ವಿದ್ಯುತ್ತನ್ನು ಹುಟ್ಟಿಸಿ, ತಲೆಯನ್ನು ಸುರಕ್ಷಿತ ಸ್ಥಾನಕ್ಕೆ ಎಳೆದುಕೊಳ್ಳುವಂತೆ ವ್ಯವಸ್ಥೆ ಮಾಡಿರುತ್ತಾರೆ. ಸಾಯುವ ಗಳಿಗೆಗೂ ಸಿದ್ಧತೆ ಮಾಡಿಕೊಂಡಿರುವ ಯಂತ್ರವಿದು.

ಈ ಡಿಸ್ಕು ಎರಡು ಬಗೆಯ ಆಹಾರವನ್ನು ಬೇಡುತ್ತದೆ. ಬಿಲ್ಲೆಗಳನ್ನು ತಿರುಗಿಸುವ ಮೋಟರಿಗೆ 12 ವೋಲ್ಟು; ಯೋಚಿಸುವ, ಲೆಕ್ಕವಿಡುವ ಸರ್ಕ್ಯೂಟಿಗೆ 5 ವೋಲ್ಟು. ಓಡುತ್ತಿರುವಾಗ ಅದರ ಹಸಿವು ಅಲ್ಪ. ಆದರೆ ನಿಂತ ಬಿಲ್ಲೆಗಳನ್ನು ಎಬ್ಬಿಸುವ ಮೊದಲ ಕೆಲವು ಸೆಕೆಂಡುಗಳಲ್ಲಿ ಅದು 12 ವೋಲ್ಟಿನ ಸಾಲಿನಿಂದ ಸುಮಾರು 2 ಆಂಪಿಯರಿನಷ್ಟು ಕರೆಂಟನ್ನು ಎಳೆಯಬಹುದು. ನಿಂತ ಗಾಡಿಯನ್ನು ಹೊರಡಿಸುವಾಗ ಎತ್ತುಗಳು ಪಡುವ ಶ್ರಮವನ್ನು ನೆನೆಯಿರಿ. ಎರಡು ಡಿಸ್ಕು ಒಟ್ಟಿಗೆ ಏಳುವಾಗ ಎಳೆತ ಇಮ್ಮಡಿ.

ಈ ಆಹಾರವನ್ನು ಬಡಿಸುವ ಪೆಟ್ಟಿಗೆಗೆ ಅಂಗಡಿಯವರು ಎಸ್.ಎಂ.ಪಿ.ಎಸ್. ಎನ್ನುತ್ತಾರೆ. ಗೋಡೆಯ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಪಡೆದು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಹಂಚುವುದು ಅದರ ಕೆಲಸ. ಈ ಪ್ರಮಾಣಗಳು ಶೇಕಡಾ 5ಕ್ಕಿಂತ ಹೆಚ್ಚು ಏರಿಳಿಯಬಾರದೆಂಬುದು ನಿಯಮ: 12 ವೋಲ್ಟಿನ ಸಾಲು 11.4ರಿಂದ 12.6ರೊಳಗೆ, 5 ವೋಲ್ಟಿನದು 4.75ರಿಂದ 5.25ರೊಳಗೆ ಇರಬೇಕು. ಇದನ್ನು ಸಮವಾಗಿ ಕಾಯುವ ಮುಖ್ಯ ಆಳುಗಳು ಕೆಪಾಸಿಟರುಗಳೆಂಬ ಪುಟ್ಟ ಡಬ್ಬಿಗಳು. ನಮ್ಮ ಮಾಳಿಗೆಯ ಮೇಲಿನ ನೀರಿನ ತೊಟ್ಟಿಯಂತೆ ಅವು ವಿದ್ಯುತ್ತನ್ನು ತುಂಬಿಟ್ಟುಕೊಂಡು ಏರಿಳಿತವನ್ನು ಸರಿದೂಗಿಸುತ್ತವೆ. ಅವುಗಳೊಳಗಿನ ದ್ರವ ಶಾಖಕ್ಕೆ ವರ್ಷಗಟ್ಟಲೆ ಮೈಯೊಡ್ಡಿ ಒಣಗುತ್ತ ಹೋಗುತ್ತದೆ. ಕೆಲವೊಮ್ಮೆ ಅನಿಲ ತುಂಬಿ ಡಬ್ಬಿಯ ನೆತ್ತಿ ಉಬ್ಬುತ್ತದೆ. ಕಂಪ್ಯೂಟರನ್ನು ಆರಿಸಿದ್ದರೂ ಗೋಡೆಯ ಗುಂಡಿ ಹಾಕಿದ್ದರೆ ಪೆಟ್ಟಿಗೆಯ ಒಂದು ಭಾಗ ಎಚ್ಚರವಾಗಿಯೇ ಇದ್ದು ಸವೆಯುತ್ತಿರುತ್ತದೆ. ಅಣ್ಣ ಹೋದ ಮೂರು ವರ್ಷವೂ ಆ ಪೆಟ್ಟಿಗೆ ಪಂಚೆಯ ಕೆಳಗೆ ಹೀಗೆ ಅರೆನಿದ್ರೆಯಲ್ಲಿ ಸವೆದಿತ್ತು.

ಬಡಿಸುವವನು ದುರ್ಬಲನಾದರೆ ಏನಾಗುತ್ತದೆ? ಡಿಸ್ಕು ಏಳಲು ಹೊರಟು ಕರೆಂಟನ್ನು ಎಳೆಯುತ್ತದೆ. 12 ವೋಲ್ಟು ಕುಸಿಯುತ್ತದೆ. ಬಿಲ್ಲೆಗಳಿಗೆ ವೇಗ ಬಾರದೆ ತಲೆ ತನ್ನ ಸ್ಥಾನಕ್ಕೆ ಮರಳುತ್ತದೆ. ಮತ್ತೆ ಪ್ರಯತ್ನ, ಮತ್ತೆ ಹಿಂದಕ್ಕೆ. ಹೊರಗಿನವರಿಗೆ ಕೇಳಿಸುವುದು ಟಿಕ್ ಟಿಕ್ ಎಂಬ ಸದ್ದು. ತಲೆ ಕೆಟ್ಟ ಡಿಸ್ಕು ಮಾಡುವುದೂ ಇದೇ ಸದ್ದನ್ನೇ. ಆದುದರಿಂದಲೇ ಹಸಿದ ಡಿಸ್ಕನ್ನು ಸಾಯುತ್ತಿರುವ ಡಿಸ್ಕೆಂದು ಭಾವಿಸುವ ಪ್ರಮಾದ ಮತ್ತೆ ಮತ್ತೆ ನಡೆಯುತ್ತದೆ. ಸದ್ದು ಕೇಳಿದೊಡನೆ ಮಾಡಬೇಕಾದದ್ದು ಯಂತ್ರವನ್ನು ಆರಿಸುವುದು. ನಾವು ಮಾಡುವುದು ಇನ್ನೊಮ್ಮೆ ಹಚ್ಚಿ ನೋಡುವುದು; ಅಣ್ಣನ ಮಗನೂ ಅದನ್ನೇ ಮಾಡಿದ.

ಬಡಿಸುವವನು ಹುಚ್ಚನಾದರೆ ಅಪಾಯ ಇನ್ನೂ ದೊಡ್ಡದು. ಪೆಟ್ಟಿಗೆಯ ನಿಯಂತ್ರಣ ಕೆಟ್ಟು 12 ವೋಲ್ಟಿನ ಸಾಲಿನಲ್ಲಿ ಅದಕ್ಕಿಂತ ಬಹಳ ಹೆಚ್ಚು ವೋಲ್ಟು ಹರಿಯಬಹುದು. ಇದಕ್ಕಾಗಿ ಅನೇಕ ಡಿಸ್ಕುಗಳ ಹೊರಗಿನ ಸರ್ಕ್ಯೂಟ್ ಹಲಗೆಯ ಮೇಲೆ, ವಿದ್ಯುತ್ತು ಒಳಬರುವ ಬಾಗಿಲಲ್ಲೇ, ಎರಡು ಕಾವಲು ಡಯೋಡುಗಳನ್ನು ನಿಲ್ಲಿಸಿರುತ್ತಾರೆ. ಒಂದು 12 ವೋಲ್ಟಿನ ಸಾಲಿಗೆ, ಇನ್ನೊಂದು 5 ವೋಲ್ಟಿನದಕ್ಕೆ. ಮಿತಿಮೀರಿದ ವೋಲ್ಟೇಜು ಬಂದರೆ ಅದನ್ನು ಒಳಗೆ ಬಿಡದೆ ಪಕ್ಕಕ್ಕೆ ಹರಿಸುವುದು ಇವುಗಳ ಕೆಲಸ. ಹೊಡೆತ ಬಲವಾಗಿದ್ದರೆ ಕಾವಲುಗಾರ ಬಾಗಿಲಿಗೆ ಅಡ್ಡವಾಗಿಯೇ ಬಿದ್ದು ಸಾಯುತ್ತಾನೆ. ಎಂದರೆ ಆ ಡಯೋಡು ಶಾರ್ಟ್ ಆಗಿ, ಸಾಲು ನೇರವಾಗಿ ನೆಲದ ತಂತಿಗೆ ಕೂಡಿಕೊಳ್ಳುತ್ತದೆ. ಆಮೇಲೆ ಎಷ್ಟೇ ಒಳ್ಳೆಯ ಪೆಟ್ಟಿಗೆ ಜೋಡಿಸಿದರೂ, ಅದು ಶಾರ್ಟನ್ನು ಕಂಡು ತನ್ನನ್ನು ತಾನು ಕಾಪಾಡಿಕೊಳ್ಳಲು ಆರಿಹೋಗುತ್ತದೆ. ನೋಡುವವರಿಗೆ ಡಿಸ್ಕು ಇಡೀ ಕಂಪ್ಯೂಟರನ್ನೇ ಕೊಂದಂತೆ ಕಾಣುತ್ತದೆ. ವಾಸ್ತವವಾಗಿ ಸತ್ತವನು ಕಾವಲುಗಾರ, ಒಳಗಿನವರು ಬದುಕಿರಬಹುದು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಊರಿಗೆ ಹೋದೆ. ಕೈಯಲ್ಲಿ ಒಂದು ಮಲ್ಟಿಮೀಟರು, ಒಂದು ಟಾರ್ಚು, ಒಂದು ನೋಟುಪುಸ್ತಕ. ನಾನು ಇಟ್ಟುಕೊಂಡ ನಿಯಮ ಎರಡೇ. ಮೊದಲನೆಯದು, ಗೋಡೆಯಿಂದ ಒಳಕ್ಕೆ ಹೋಗುವುದು. ಡಿಸ್ಕನ್ನು ಕೊನೆಯಲ್ಲಿ ಅನುಮಾನಿಸುವುದು. ಎರಡನೆಯದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಬರೆದಿಟ್ಟುಕೊಳ್ಳುವುದು. ಒಟ್ಟಿಗೆ ಮೂರು ಬದಲಾವಣೆ ಮಾಡಿದವನಿಗೆ ಯಂತ್ರ ಸರಿಹೋದರೂ ಏಕೆ ಸರಿಹೋಯಿತೆಂದು ತಿಳಿಯುವುದಿಲ್ಲ.

ಗೋಡೆಯ ವಿದ್ಯುತ್ತು ಸರಿಯಿತ್ತು. ಭೂಸಂಪರ್ಕದ ತಂತಿ ಮಾತ್ರ ಪ್ಲಗ್ಗಿನೊಳಗೆ ಸಡಿಲವಾಗಿತ್ತು. ಅದನ್ನು ಎಲೆಕ್ಟ್ರಿಷಿಯನ್ನನಿಂದ ಬಿಗಿ ಮಾಡಿಸಿದೆ. ಅಂಗಡಿಯವರು ಹಳೆಯ ಪೆಟ್ಟಿಗೆಯನ್ನು ಹಿಂದಿರುಗಿಸಿದ್ದರು. ಗಾಳಿಕಿಂಡಿಯಿಂದ ಟಾರ್ಚು ಬಿಟ್ಟು ನೋಡಿದಾಗ ಮೂರು ಕೆಪಾಸಿಟರುಗಳ ನೆತ್ತಿ ಉಬ್ಬಿ, ಒಂದರಿಂದ ಕಂದು ಅಂಟು ಒಸರಿದ್ದು ಕಂಡಿತು. ಕೇಳುಗರಲ್ಲಿ ಒಂದು ವಿನಂತಿ: ಆ ಪೆಟ್ಟಿಗೆಯನ್ನು ಯಾರೂ ಬಿಚ್ಚಬಾರದು. ಅದರೊಳಗಿನ ದೊಡ್ಡ ಕೆಪಾಸಿಟರು ಸುಮಾರು 325 ವೋಲ್ಟಿನವರೆಗೆ ತುಂಬಿರುತ್ತದೆ. ಪ್ಲಗ್ಗು ಕಿತ್ತ ಮೇಲೂ ಕೆಲಕಾಲ ಹಾಗೆಯೇ ಇರಬಲ್ಲದು. ನೋಡುವುದಕ್ಕೆ ಕಿಂಡಿ ಸಾಕು.

ಹೊಸ ಪೆಟ್ಟಿಗೆಯ ಸಾಲುಗಳನ್ನು, ಯಂತ್ರ ಓಡುತ್ತಿರುವಾಗಲೇ, ಖಾಲಿ ಕೊಂಡಿಯೊಂದರಲ್ಲಿ ಅಳೆದೆ: ಹಳದಿ ತಂತಿಯಲ್ಲಿ 12.1, ಕೆಂಪಿನಲ್ಲಿ 5.05. ಓಡದ ಪೆಟ್ಟಿಗೆಯ ಅಳತೆಗೆ ಬೆಲೆಯಿಲ್ಲ. ಹೊರೆ ಹೊತ್ತಾಗ ಬೆನ್ನು ಬಾಗುತ್ತದೆಯೆ ಎಂದು ನೋಡಬೇಕು. ಪೆಟ್ಟಿಗೆ ಬದಲಿಸುವವರು ತಿಳಿದಿರಬೇಕಾದ ಇನ್ನೊಂದು ಮಾತಿದೆ. ಕೆಲವು ಪೆಟ್ಟಿಗೆಗಳ ತಂತಿಗಳನ್ನು ಪೆಟ್ಟಿಗೆಯ ಕಡೆಯಿಂದಲೂ ಕಳಚಬಹುದು. ಒಂದು ಪೆಟ್ಟಿಗೆಯ ತಂತಿ ಇನ್ನೊಂದಕ್ಕೆ ಸರಿಯಾಗಿ ಕೂರುತ್ತದೆ. ಆದರೆ ಒಳಗಿನ ಜೋಡಣೆಯ ಕ್ರಮ ಬೇರೆಯಾಗಿದ್ದು, 5 ವೋಲ್ಟಿನ ಜಾಗಕ್ಕೆ 12 ವೋಲ್ಟು ಹರಿದು, ಆರೋಗ್ಯವಾಗಿದ್ದ ಡಿಸ್ಕುಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗಬಹುದು. ಹೊಸ ಪೆಟ್ಟಿಗೆಗೆ ಅದರದೇ ತಂತಿಗಳನ್ನು ಬಳಸಬೇಕು.

ಇನ್ನು ಮೊದಲನೆಯ ಡಿಸ್ಕು, ವಿಂಡೋಸ್ ಇದ್ದದ್ದು. ಎರಡನೆಯದನ್ನು ಪೂರ್ತಿ ಕಳಚಿಟ್ಟು ಇದೊಂದನ್ನೇ ಜೋಡಿಸಿದೆ. ಕಿವಿಗೊಟ್ಟೆ: ನವಿರಾದ ಗುಂಯ್‌ಗಾನ, ಟಿಕ್ ಟಿಕ್ ಇಲ್ಲ. ತೆರೆಯ ಮೇಲೆ ವಿಂಡೋಸಿನ ಚಿಹ್ನೆ ಮೂಡಿತು, ಒಂದು ಕ್ಷಣ ನೀಲಿ ಪುಟ ಮಿಂಚಿತು, ಯಂತ್ರ ಮತ್ತೆ ಮೊದಲಿನಿಂದ ಹೊರಟಿತು. ಅಂಗಡಿಯವರು ಇದನ್ನು ಕಂಡೇ ಫಾರ್ಮ್ಯಾಟ್ ಮಾಡಬೇಕೆಂದದ್ದು. ನಾನು ಯಂತ್ರದ ಬಯೋಸ್ ಎಂಬ ಮೂಲವ್ಯವಸ್ಥೆಯ ಪುಟಕ್ಕೆ ಹೋದೆ. ಡಿಸ್ಕಿನ ಹೆಸರು ಪಟ್ಟಿಯಲ್ಲಿ ಸ್ಪಷ್ಟವಾಗಿತ್ತು. ಹೆಸರು ಹೇಳಬಲ್ಲ ಡಿಸ್ಕಿನ ಸರ್ಕ್ಯೂಟು ಕನಿಷ್ಠ ಎಚ್ಚರವಾಗಿದೆ. ಪುಟದ ಮೇಲ್ತುದಿಯಲ್ಲಿದ್ದ ತಾರೀಖು ಮಾತ್ರ ನನ್ನನ್ನು ತಡೆದು ನಿಲ್ಲಿಸಿತು: 2010, ಜನವರಿ 1.

ಕಾರಣ ಹೊಳೆಯಿತು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು 3 ವೋಲ್ಟಿನ ಸೆಲ್ಲು ಇರುತ್ತದೆ. ಯಂತ್ರಕ್ಕೆ ಗೋಡೆಯ ಸಂಪರ್ಕ ತಪ್ಪಿದಾಗ ಗಡಿಯಾರವನ್ನೂ ಬಯೋಸಿನ ಆಯ್ಕೆಗಳನ್ನೂ ನೆನಪಿಡುವುದು ಆ ಸೆಲ್ಲು. ಹನ್ನೆರಡು ವರ್ಷ ಹಳೆಯದಾದ ಅದು ಎಂದೋ ಬರಿದಾಗುತ್ತ ಬಂದಿತ್ತು. ಮನೆಯಲ್ಲಿ ಗೋಡೆಯ ವಿದ್ಯುತ್ತು ಸದಾ ಇದ್ದುದರಿಂದ ಅದರ ದೌರ್ಬಲ್ಯ ಬೆಳಕಿಗೆ ಬಂದಿರಲಿಲ್ಲ. ಅಂಗಡಿಯಲ್ಲಿ ಹತ್ತು ದಿನ ಸಂಪರ್ಕವಿಲ್ಲದೆ ಬಿದ್ದಾಗ ಯಂತ್ರ ತನ್ನ ನೆನಪನ್ನೆಲ್ಲ ಕಳೆದುಕೊಂಡು ಹುಟ್ಟಿದ ದಿನಕ್ಕೆ ಮರಳಿತ್ತು. ಡಿಸ್ಕಿನೊಡನೆ ಮಾತಾಡುವ ಕ್ರಮವನ್ನೂ ಮರೆತಿತ್ತು: ವಿಂಡೋಸನ್ನು ಸ್ಥಾಪಿಸಿದ್ದು ಎ.ಎಚ್.ಸಿ.ಐ. ಎಂಬ ಕ್ರಮದಲ್ಲಿ, ಈಗ ಬಯೋಸಿನಲ್ಲಿದ್ದುದು ಐ.ಡಿ.ಇ. ಎಂಬ ಹಳೆಯ ಕ್ರಮ. ಒಬ್ಬರು ಕನ್ನಡದಲ್ಲಿ ಕೇಳುತ್ತಿದ್ದಾರೆ, ಇನ್ನೊಬ್ಬರು ತಮಿಳಿಗಾಗಿ ಕಾಯುತ್ತಿದ್ದಾರೆ ಎಂಬಂಥ ಸ್ಥಿತಿ. ಹೊಸ ಸೆಲ್ಲು ಹಾಕಿದೆ; ಆ ಒಂದು ಆಯ್ಕೆಯನ್ನು ಬದಲಿಸಿದೆ. ವಿಂಡೋಸ್ ಎಂದಿನಂತೆ ತೆರೆದುಕೊಂಡಿತು. ಫಾರ್ಮ್ಯಾಟ್ ಆಗಬೇಕಾಗಿದ್ದ ಆ ಡಿಸ್ಕಿನಲ್ಲಿ ಒಂದು ಕೂದಲೂ ಕೊಂಕಿರಲಿಲ್ಲ.

ಪದಗಳಿದ್ದದ್ದು ಎರಡನೆಯದರಲ್ಲಿ. ಅದನ್ನು ಯಂತ್ರಕ್ಕೆ ಜೋಡಿಸಲೇ ಇಲ್ಲ. ಮೇಜಿನ ಮೇಲಿಟ್ಟು, ಅದರ 12 ವೋಲ್ಟಿನ ಮೊಳೆಗೂ ನೆಲದ ಮೊಳೆಗೂ ನಡುವಣ ರೋಧವನ್ನು ಅಳೆದೆ: ಒಂದು ಓಮ್ ಕೂಡ ಇಲ್ಲ. ಹೋಲಿಕೆಗೆಂದು ಮೊದಲನೆಯ ಡಿಸ್ಕನ್ನೂ ಕಳಚಿ ಅಳೆದೆ. ಅಲ್ಲಿ ಅಂಥ ಶಾರ್ಟಿಲ್ಲ. ಕಾವಲುಗಾರ ಬಾಗಿಲಲ್ಲಿ ಬಿದ್ದಿದ್ದ. ಬಹುಶಃ ಅವನು ಬಿದ್ದು ಸಾಲಿನ ವೋಲ್ಟೇಜನ್ನು ಕೆಳಗೆಳೆದುದರಿಂದಲೇ ಪಕ್ಕದ ಡಿಸ್ಕು ಉಳಿದುಕೊಂಡಿತು.

ಮುಂದಿನ ಕೆಲಸ ನನ್ನ ಕೈಯದಲ್ಲ. ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಯುವಕನೊಬ್ಬನ ಬಳಿಗೆ ಹೋದೆ. ಅವನು ಭೂತಗನ್ನಡಿಯಲ್ಲಿ ನೋಡಿ, ಬಿಸಿಗಾಳಿಯ ಉಪಕರಣದಿಂದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಆ ಡಯೋಡನ್ನು ಎತ್ತಿ ತೆಗೆದ. ಮತ್ತೆ ಅಳೆದಾಗ ಶಾರ್ಟು ಹೋಗಿತ್ತು. ಆದರೆ ಕಾವಲಿಲ್ಲದ ಡಿಸ್ಕು ಬಾಗಿಲಿಲ್ಲದ ಮನೆಯಂತೆ. ಒಳಗಿನದನ್ನು ಹೊರಗೆ ಸಾಗಿಸುವವರೆಗೆ ಮಾತ್ರ ಅದರಲ್ಲಿ ವಾಸ. ‘ಇಷ್ಟೇ ಇತ್ತಾ ಸಾರ್’ ಎಂದು ಅವನಿಗೂ ಆಶ್ಚರ್ಯ.

ಇಲ್ಲಿ ಕೆಲವು ಮನೆಮದ್ದುಗಳ ವಿಷಯ ಹೇಳಬೇಕು. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹಲಗೆಯನ್ನು ತೆಗೆದು ಇದಕ್ಕೆ ತಿರುಪು ಹಾಕಿದರಾಯಿತೆಂದು ಕೆಲವರು ಹೇಳುತ್ತಾರೆ. ಅನೇಕ ಡಿಸ್ಕುಗಳಲ್ಲಿ, ಆಯಾ ಡಿಸ್ಕಿನ ತಲೆ-ಬಿಲ್ಲೆಗಳಿಗೆಂದೇ ಕಾರ್ಖಾನೆಯಲ್ಲಿ ಹೊಂದಿಸಿದ ಅಳತೆಗಳು ಹಲಗೆಯ ಮೇಲಿನ ಪುಟ್ಟ ಚಿಪ್ಪಿನಲ್ಲಿರುತ್ತವೆ. ಆ ಚಿಪ್ಪನ್ನೂ ಜೊತೆಗೆ ಸಾಗಿಸದಿದ್ದರೆ ಬದಲಿ ಹಲಗೆ ಪರರ ಕನ್ನಡಕ ಹಾಕಿಕೊಂಡಂತೆ. ಡಿಸ್ಕನ್ನು ಫ್ರಿಜ್ಜಿನ ಹಿಮದ ಖಾನೆಯಲ್ಲಿಟ್ಟರೆ ಸರಿಹೋಗುತ್ತದೆಂಬ ನಂಬಿಕೆಯೂ ಇದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಹಾಗೆ ತಣಿಸಿ ಹೊರತೆಗೆದರೆ ಒಳಗೂ ಹೊರಗೂ ತೇವ ಕಟ್ಟುವುದು ಖಂಡಿತ. ಕವಚ ಬಿಚ್ಚಿ ನೋಡುವುದಂತೂ ಬೇಡವೇ ಬೇಡ. ಅಲ್ಲಿಯ ಅಂತರದ ಎದುರು ಒಂದು ಧೂಳಿನ ಕಣವೇ ಬಂಡೆ. ಡಿಸ್ಕು ನಿಜವಾಗಿಯೂ ಒಳಗೆ ಕೆಟ್ಟಿದ್ದರೆ, ಒಳ್ಳೆಯ ವಿದ್ಯುತ್ತು ಕೊಟ್ಟ ಮೇಲೂ ಟಿಕ್ ಟಿಕ್ ನಿಲ್ಲದಿದ್ದರೆ, ಅದನ್ನು ಮುಟ್ಟದೆ ಪರಿಣತರಿಗೆ ಒಪ್ಪಿಸುವುದೇ ದಾರಿ.

ನಮ್ಮ ಡಿಸ್ಕು ಎಚ್ಚೆತ್ತಿತು. ಆ ಕ್ಷಣದಲ್ಲಿ ಕಡತಗಳನ್ನು ತೆರೆದು ನೋಡುವ ಆಸೆಯನ್ನು ತಡೆದುಕೊಳ್ಳುವುದೇ ಕಷ್ಟವಾಯಿತು. ವಿಂಡೋಸ್ ‘ಡಿಸ್ಕನ್ನು ಪರೀಕ್ಷಿಸಿ ಸರಿಪಡಿಸಲೆ?’ ಎಂದು ಕೇಳುತ್ತದೆ, ಆಗ ಬೇಡವೆನ್ನಬೇಕು. ಸರಿಪಡಿಸುವುದೆಂದರೆ ಬರೆಯುವುದು, ಕಾಯಿಲೆಯ ಡಿಸ್ಕಿನ ಮೇಲೆ ಹೊಸದಾಗಿ ಒಂದಕ್ಷರವನ್ನೂ ಬರೆಯಬಾರದು. ಲಿನಕ್ಸ್ ವ್ಯವಸ್ಥೆಯಲ್ಲಿ ದೊರೆಯುವ ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶದಿಂದ, ಡಿಸ್ಕಿನ ಮೊದಲಿನಿಂದ ಕೊನೆಯವರೆಗೆ ಒಂದು ಪಡಿಯಚ್ಚನ್ನು ಹೊಸ ಡಿಸ್ಕಿಗೆ ತೆಗೆದೆ. ಅದರ ಕ್ರಮ ಸೊಗಸಾದದ್ದು. ಓದಲು ಸುಲಭವಾದುದನ್ನೆಲ್ಲ ಮೊದಲು ಓದಿ ಭದ್ರಪಡಿಸುತ್ತದೆ. ತೊಡಕಿನ ಜಾಗಗಳನ್ನು ಗುರುತು ಹಾಕಿ ಬಿಟ್ಟು, ಕೊನೆಯಲ್ಲಿ ಮರಳಿ ಪ್ರಯತ್ನಿಸುತ್ತದೆ. ಹಳೆಯ ಓಲೆಗರಿಯನ್ನು ಪ್ರತಿ ಮಾಡುವ ಒಳ್ಳೆಯ ಲಿಪಿಕಾರನೂ ಬಹುಶಃ ಹೀಗೆಯೇ ಮಾಡುತ್ತಿದ್ದನೇನೋ.

500 ಗಿಗಾಬೈಟಿನ ಡಿಸ್ಕು. ಸುಮಾರು ಐದು ಗಂಟೆ ಹಿಡಿಯಿತು. ಅತ್ತಿಗೆ ಎರಡು ಸಲ ಕಾಫಿ ತಂದಿಟ್ಟು, ಏನೂ ಕೇಳದೆ ಹೋದರು. ಕೊನೆಯಲ್ಲಿ ಉಳಿದದ್ದು 56 ಖಂಡಗಳು. ಒಂದೊಂದು 512 ಬೈಟು, ಒಟ್ಟು ಸುಮಾರು 28 ಸಾವಿರ ಬೈಟು. ಬರೆಯುತ್ತಿರುವಾಗಲೇ ವಿದ್ಯುತ್ತು ಕೈಕೊಟ್ಟರೆ ಖಂಡದಲ್ಲಿರುವ ಬರಹಕ್ಕೂ ಅದರ ತಾಳೆಗೆಂದು ಇಟ್ಟ ಲೆಕ್ಕಕ್ಕೂ ಹೊಂದಾಣಿಕೆ ತಪ್ಪುತ್ತದೆ. ಡಿಸ್ಕು ಸುಳ್ಳನ್ನು ಓದಿ ಹೇಳುವುದಕ್ಕಿಂತ, ಓದಲಾರೆನೆಂದು ಹೇಳುತ್ತದೆ. ಅದರ ಪ್ರಾಮಾಣಿಕತೆ ಮೆಚ್ಚತಕ್ಕದ್ದೇ. ಆದರೆ ಆ 56 ಖಂಡಗಳಲ್ಲಿ ಹೆಚ್ಚಿನವು ಬಿದ್ದದ್ದು, ಆ ಸಂಜೆ ತೆರೆದಿದ್ದ ‘ಮ’ ಕಡತದಲ್ಲಿ.

ಉಳಿದ ಕಡತಗಳೆಲ್ಲ ಬಂದವು. ಬಂದವೆಂದರೆ ಬೈಟುಗಳು ಬಂದವು. ತೆರೆದಾಗ ತೆರೆಯ ಮೇಲೆ ಕಂಡದ್ದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅಣ್ಣ ಬಳಸಿದ್ದು ಯೂನಿಕೋಡ್ ಅಲ್ಲ, ನುಡಿಯ ಹಳೆಯ ಅಕ್ಷರಸಂಕೇತ. ಆ ಅಕ್ಷರಶೈಲಿ ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯದು. ಪರಿವರ್ತಕದಿಂದ ಒಂದೊಂದೇ ಕಡತವನ್ನು ಯೂನಿಕೋಡಿಗೆ ತಿರುಗಿಸಿದೆವು. ಹಳೆಯ ಬರಹವುಳ್ಳವರು ಇದನ್ನೂ ಗಮನಿಸಬೇಕು: ಡಿಸ್ಕು ಉಳಿದರೆ ಅರ್ಧ ಕೆಲಸ, ಅದರ ಲಿಪಿಯನ್ನು ಓದಬಲ್ಲವರು ಉಳಿದರೆ ಮಾತ್ರ ಪೂರ್ತಿ. ಮೊದಲು ತೆರೆದದ್ದು ‘ಕ’. ‘ಕೊನೆಗಾರ’ ಎಂಬ ಪದದ ಕೆಳಗೆ, ಅದನ್ನು ವಿವರಿಸಿದ ಮುದುಕನ ಹೆಸರು, ತಾರೀಖು, ‘ಮರದ ಮೇಲಿನಿಂದಲೇ ಹೇಳಿದ್ದು’ ಎಂಬ ಟಿಪ್ಪಣಿ. ಅತ್ತಿಗೆ ಅದನ್ನು ಎರಡು ಸಲ ಓದಿಸಿದರು.

‘ಮ’ ಕಡತದಲ್ಲಿ ಅಲ್ಲಲ್ಲಿ ತುಣುಕುಗಳು ಮಾತ್ರ ಉಳಿದಿದ್ದವು. ನಾನು ಸಂಕೋಚದಿಂದ ಅದನ್ನು ಹೇಳಿದಾಗ ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರಿಗೆ ಅರ್ಧ ಹೇಳಿದ್ದು ನಾನೇ ಅಲ್ಲವಾ? ಬರ್ಕೋ’ ಎಂದರು. ಆ ಮಳೆಗಾಲದಲ್ಲಿ ನಾಲ್ಕು ಸಲ ಊರಿಗೆ ಹೋದೆ. ಅವರು ಹೇಳುತ್ತ ಹೋದರು, ನಾನು ಬರೆದುಕೊಳ್ಳುತ್ತ ಹೋದೆ. ಅಣ್ಣನ ಪಟ್ಟಿಯಲ್ಲಿ ಇದ್ದ ಎಷ್ಟು ಪದಗಳು ಇದರಲ್ಲಿ ಬಿಟ್ಟುಹೋಗಿವೆಯೋ, ಇಲ್ಲದ ಎಷ್ಟು ಹೊಸದಾಗಿ ಸೇರಿವೆಯೋ ತಿಳಿಯುವ ಬಗೆಯಿಲ್ಲ. ಯಾವ ತಂತ್ರಾಂಶವೂ ತುಂಬಲಾರದ ಜಾಗವನ್ನು ಒಬ್ಬ ಮುದುಕಿಯ ನೆನಪು ತುಂಬಿತು. ಆದರೆ ಎಲ್ಲ ಮನೆಯಲ್ಲೂ ಆ ನೆನಪು ಕಾದು ಕುಳಿತಿರುವುದಿಲ್ಲ.

ಆದುದರಿಂದ ಕೊನೆಯದಾಗಿ ಒಂದೆರಡು ಮಾತು. ಪಂಪ ರನ್ನರ ಕಾವ್ಯಗಳು ನಮ್ಮ ಕೈಸೇರಿದ್ದು ಅವು ಬರೆದ ಓಲೆಗರಿಗಳು ಗಟ್ಟಿಯಾಗಿದ್ದುದರಿಂದಲ್ಲ. ಯಾರೋ ಪ್ರತಿ ಮಾಡಿದರು, ಆ ಪ್ರತಿಯಿಂದ ಇನ್ನಾರೋ ಪ್ರತಿ ಮಾಡಿದರು ಎಂಬುದರಿಂದ. ಬರಹ ಯಾವುದೇ ಇರಲಿ, ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಮಾಧ್ಯಮದಲ್ಲಿರಲಿ. ಒಂದಾದರೂ ಬೇರೆ ಊರಿನಲ್ಲಿರಲಿ. ಅಣ್ಣನ ಪದಗಳು ಈಗ ಸಾಗರದ ಮನೆಯಲ್ಲಿ, ನನ್ನ ಮನೆಯಲ್ಲಿ, ಬೆಂಗಳೂರಿನಲ್ಲಿ ಅವರ ಮಗನ ಬಳಿ ಇವೆ. ಒಂದು ಕಾಗದದ ಮೇಲೂ ಇದೆ. ಗುಡುಗು ಶುರುವಾದರೆ ಅತ್ತಿಗೆ ಈಗ ಮೊದಲು ಹೋಗಿ ಪ್ಲಗ್ಗು ಕೀಳುತ್ತಾರೆ.

ಮತ್ತು ಎಂದಾದರೂ ತಮ್ಮ ಹಳೆಯ ಯಂತ್ರ ಮೌನವಾಗಿ, ‘ಡಿಸ್ಕು ಸತ್ತಿತು’ ಎಂದು ಯಾರಾದರೂ ಹೇಳಿದರೆ ಆ ತೀರ್ಪನ್ನು ಒಪ್ಪುವ ಮೊದಲು ಯಂತ್ರವನ್ನು ಆರಿಸಿ, ಗೋಡೆಯಿಂದ ಒಳಕ್ಕೆ ಒಂದೊಂದೇ ಪ್ರಶ್ನೆ ಕೇಳುತ್ತ ಬನ್ನಿ. ಊಟಕ್ಕೆ ಏನಿತ್ತು, ಬಡಿಸಿದವರು ಯಾರು ಎಂದು ವಿಚಾರಿಸಿ. ಸತ್ತದ್ದು ಡಿಸ್ಕೇ ಆಗಿರಬಹುದು. ಆದರೆ ಅದು ಬರಿಯ ಹಸಿದಿರುವ ಸಾಧ್ಯತೆಯನ್ನು ಪರೀಕ್ಷಿಸದೆ ಮಣ್ಣು ಮಾಡುವುದು ನ್ಯಾಯವಲ್ಲ.